ವಿಶ್ವಕಪ್ ಪಂದ್ಯವೂ ನೋಡುಗನ ನಾಡಿಯೂ

ಆಟ ಆಡಿದರೆ ಆರೋಗ್ಯ ಹೆಚ್ಚುತ್ತದೆ ಎಂಬುದನ್ನು ನಾವೆಲ್ಲರೂ ಶಾಲೆಯ ಮೆಟ್ಟಿಲು ಹತ್ತಿದಂದಿನಿಂದ ಕೇಳುತ್ತ ಬಂದಿದ್ದೇವೆ. ಆಟ ನೋಡಿದರೆ ಏನಾಗುತ್ತದೆ ಎಂಬುದನ್ನು ಮಾತ್ರ ಯಾರೂ ಹೇಳಿಕೊಟ್ಟಿಲ್ಲ. ಮೈದಾನದಲ್ಲಿ ಓಡಾಡುವವರು ಬೆರಳೆಣಿಕೆಯಷ್ಟು ಮಂದಿ. ಟೀವಿಯ ಮುಂದೆ ಕುಳಿತು ಉಸಿರು ಬಿಗಿಹಿಡಿಯುವವರು ಕೋಟ್ಯಂತರ. ಆಡುವವರ ಮೊಣಕಾಲು, ಭುಜ, ಬೆನ್ನುಗಳನ್ನು ನೋಡಿಕೊಳ್ಳಲು ತಂಡದ ಜೊತೆಯಲ್ಲೇ ವೈದ್ಯರಿರುತ್ತಾರೆ. ನೋಡುವವರ ಹೃದಯದ ಗತಿಯೇನು?

ನಾನು ವೃತ್ತಿಯಿಂದ ವೈದ್ಯ, ಈಗ ನಿವೃತ್ತ. ಪ್ರವೃತ್ತಿಯಿಂದ ಕ್ರಿಕೆಟ್ ಪ್ರೇಮಿ, ಅದಕ್ಕೆ ನಿವೃತ್ತಿಯಿಲ್ಲ. ಈ ಇಬ್ಬರೂ ಒಂದೇ ಮೈಯಲ್ಲಿ ವಾಸಿಸುವಾಗ ಆಗಾಗ ಜಗಳವಾಗುವುದು ಸಹಜ. ಅಂಥದೊಂದು ಜಗಳದಿಂದ ಹುಟ್ಟಿದ ವಿಚಾರಗಳನ್ನು ಸಂಘದ ಬಂಧುಗಳ ಮುಂದಿಡುವುದು ಈ ಲೇಖನದ ಉದ್ದೇಶ.

ಆ ಭಾನುವಾರದ ಸಂಜೆ

2023ರ ನವೆಂಬರ್ 19. ಅಹಮದಾಬಾದಿನಲ್ಲಿ ಭಾರತಕ್ಕೂ ಆಸ್ಟ್ರೇಲಿಯಕ್ಕೂ ವಿಶ್ವಕಪ್ಪಿನ ಅಂತಿಮ ಪಂದ್ಯ. ಅದಕ್ಕೆ ಮುನ್ನ ಆಡಿದ ಹತ್ತು ಪಂದ್ಯಗಳಲ್ಲಿ ಹತ್ತನ್ನೂ ಗೆದ್ದಿದ್ದ ಭಾರತ ತಂಡ ಹನ್ನೊಂದನೆಯದರಲ್ಲಿ ಸೋಲಬಹುದೆಂದು ನಮ್ಮಲ್ಲಿ ಯಾರೂ ಎಣಿಸಿರಲಿಲ್ಲ. ಮುಂಬಯಿಯ ಉಪನಗರದಲ್ಲಿರುವ ನಮ್ಮ ಸಂಘದ ಸಭಾಂಗಣದಲ್ಲಿ ದೊಡ್ಡ ತೆರೆ ಕಟ್ಟಿದ್ದರು. ಮಧ್ಯಾಹ್ನ ಎರಡು ಗಂಟೆಗೇ ಸಂಸಾರಸಮೇತರಾಗಿ ಜನ ಬಂದು ಸೇರಿದ್ದರು. ಮಿರ್ಚಿ ಭಜಿ, ಚಹಾ, ಮಕ್ಕಳ ಗಲಾಟೆ. ಊರ ಜಾತ್ರೆಯೇ ಮುಂಬಯಿಗೆ ಬಂದಂತಿತ್ತು.

ಭಾರತ 240 ಓಟಗಳಿಗೆ ಔಟಾಯಿತು. ನಮ್ಮ ಕೆ. ಎಲ್. ರಾಹುಲ್ 107 ಚೆಂಡುಗಳನ್ನು ಎದುರಿಸಿ 66 ಓಟ ಗಳಿಸಿದ್ದು ತಾಳ್ಮೆಯೋ ಅತಿಯಾದ ಎಚ್ಚರಿಕೆಯೋ ಎಂದು ಭಜಿಯ ತಟ್ಟೆಗಳ ಸುತ್ತ ವಾಗ್ವಾದ ನಡೆಯಿತು. ಆಸ್ಟ್ರೇಲಿಯ 47 ಓಟಗಳಿಗೆ ಮೂರು ವಿಕೆಟ್ ಕಳೆದುಕೊಂಡಾಗ ಸಭಾಂಗಣ ಎದ್ದು ನಿಂತಿತು. ಅನಂತರ ಟ್ರಾವಿಸ್ ಹೆಡ್ ಮತ್ತು ಲಬುಶೇನ್ ಜೊತೆಗೂಡಿದರು. ಓವರಿನ ಮೇಲೆ ಓವರು ಉರುಳಿತು, ವಿಕೆಟ್ ಬೀಳಲಿಲ್ಲ. ಅಹಮದಾಬಾದಿನ ತೊಂಬತ್ತು ಸಾವಿರಕ್ಕೂ ಮಿಕ್ಕಿದ ಪ್ರೇಕ್ಷಕರ ಮೌನ ತೆರೆಯನ್ನು ದಾಟಿ ನಮ್ಮ ಸಭಾಂಗಣಕ್ಕೂ ಬಂದು ಕುಳಿತಿತು.

ಆಗ ನನ್ನ ಬಲಗಡೆಯ ಕುರ್ಚಿಯಲ್ಲಿದ್ದ ಹಿರಿಯರೊಬ್ಬರು ಕರವಸ್ತ್ರದಿಂದ ಹಣೆ ಒರೆಸಿಕೊಳ್ಳುತ್ತಿದ್ದುದನ್ನು ಓರೆಗಣ್ಣಿನಿಂದ ಕಂಡೆ. ಅವರು ಗದಗಿನ ಕಡೆಯವರು. ನಲವತ್ತು ವರ್ಷಗಳಿಂದ ಈ ಊರಿನಲ್ಲಿದ್ದಾರೆ. ಸಕ್ಕರೆ ಕಾಯಿಲೆ, ರಕ್ತದೊತ್ತಡ ಎರಡೂ ಉಂಟು. ತಲೆಯ ಮೇಲೆ ಪಂಖ ತಿರುಗುತ್ತಿತ್ತು; ಆದರೂ ಬೆವರು. ವೈದ್ಯನಾದವನು ಆ ಕ್ಷಣವೇ ಏಳಬೇಕಿತ್ತು. ನಾನು ಏಳಲಿಲ್ಲ. ಮತ್ತೆ ಎರಡು ಓವರುಗಳ ಕಾಲ ನನ್ನ ಕಣ್ಣು ತೆರೆಯ ಮೇಲೆಯೇ ಇತ್ತು. ಕೊನೆಗೆ ಅವರ ಕೈ ಹಿಡಿದು ನೋಡಿದಾಗ ಅಂಗೈ ತಣ್ಣಗಿತ್ತು, ನಾಡಿ ಓಡುತ್ತಿತ್ತು.

“ಎದಿ ನೋಯ್ತದೇನ್ರಿ?” ಎಂದು ಅವರದೇ ಮಾತಿನಲ್ಲಿ ಕೇಳಿದೆ.

“ಏನೂ ಇಲ್ರಿ ಡಾಕ್ಟ್ರ, ಗ್ಯಾಸ್ ಆಗೇದ. ಭಜಿ ಜಾಸ್ತಿ ತಿಂದೆ. ಇನ್ನೊಂದು ವಿಕೆಟ್ ಬೀಳ್ಲಿ, ಆಮ್ಯಾಲ ಹೋಗೂಣ” ಎಂದರು.

ಆ ವಿಕೆಟ್ಟಿಗಾಗಿ ನಾವು ಕಾಯಲಿಲ್ಲ. ಇಬ್ಬರು ತರುಣರು ಅವರನ್ನು ಕುರ್ಚಿಯ ಸಮೇತ ಎತ್ತಿ ಕಾರಿನವರೆಗೆ ಒಯ್ದರು. ಆಸ್ಪತ್ರೆಯಲ್ಲಿ ಹೃದಯದ ಒಂದು ರಕ್ತನಾಳ ಕಟ್ಟಿಕೊಂಡಿರುವುದು ಗೊತ್ತಾಯಿತು. ಅಂದೇ ರಾತ್ರಿ ಅದನ್ನು ತೆರೆದರು. ಹೆಡ್ 137 ಓಟ ಬಾರಿಸಿ, ಆಸ್ಟ್ರೇಲಿಯ ಆರು ವಿಕೆಟ್ಟುಗಳಿಂದ ಗೆದ್ದದ್ದು ನನಗೆ ಆಸ್ಪತ್ರೆಯ ಮೊಗಸಾಲೆಯಲ್ಲಿ ತಿಳಿಯಿತು. ಹಿರಿಯರು ಉಳಿದುಕೊಂಡರು. ನನ್ನ ಮನಸ್ಸಿನಲ್ಲಿ ಉಳಿದುಕೊಂಡದ್ದು ಆ ಎರಡು ಓವರುಗಳು.

ಮೈಯೊಳಗಿನ ಪಂದ್ಯ

ಕುರ್ಚಿಯಲ್ಲಿ ಸುಮ್ಮನೆ ಕುಳಿತವನಿಗೆ ಹೃದಯಾಘಾತವೇಕೆ ಆಗಬೇಕು? ಇದನ್ನು ತಿಳಿಯಲು ಉದ್ವೇಗವೆಂದರೇನೆಂಬುದನ್ನು ಮೊದಲು ಅರಿಯಬೇಕು.

ಆಪತ್ತು ಎದುರಾದಾಗ ಓಡಲು ಅಥವಾ ಹೋರಾಡಲು ಮೈಯನ್ನು ಅಣಿಗೊಳಿಸುವ ಏರ್ಪಾಡೊಂದನ್ನು ಪ್ರಕೃತಿ ನಮಗಿತ್ತಿದೆ. ಮಿದುಳಿನಿಂದ ಸಂದೇಶ ಹೊರಟೊಡನೆ, ನಮ್ಮ ಇಚ್ಛೆಗೆ ಒಳಪಡದ ನರವ್ಯೂಹವೊಂದು ಜಾಗೃತವಾಗುತ್ತದೆ. ಮೂತ್ರಪಿಂಡಗಳ ಮೇಲೆ ಟೋಪಿಯಂತೆ ಕುಳಿತಿರುವ ಅಡ್ರಿನಲ್ ಗ್ರಂಥಿಗಳು ಅಡ್ರಿನಲಿನ್ ಎಂಬ ಚೋದಕವನ್ನು ರಕ್ತಕ್ಕೆ ಸುರಿಸುತ್ತವೆ. ಹೃದಯದ ಬಡಿತ ಹೆಚ್ಚುತ್ತದೆ, ರಕ್ತದೊತ್ತಡ ಏರುತ್ತದೆ, ರಕ್ತದಲ್ಲಿ ಸಕ್ಕರೆಯ ಅಂಶ ಹೆಚ್ಚುತ್ತದೆ, ಗಾಯವಾದರೆ ರಕ್ತ ಬೇಗ ಹೆಪ್ಪುಗಟ್ಟಲೆಂದು ಅದರ ಅಂಟುಗುಣವೂ ಹೆಚ್ಚುತ್ತದೆ. ಹುಲಿ ಎದುರಾದಾಗ ಇವೆಲ್ಲ ಉಪಕಾರಿ.

ಆದರೆ ಮಿದುಳಿಗೆ ಹುಲಿಗೂ ಹೆಡ್‌ನ ಬ್ಯಾಟಿಗೂ ಇರುವ ಅಂತರ ಪೂರ್ತಿಯಾಗಿ ತಿಳಿಯದು. ತನ್ನವರೆಂದು ಬಗೆದವರಿಗೆ ಒದಗಿದ ಆಪತ್ತನ್ನು ಅದು ತನ್ನದೇ ಆಪತ್ತೆಂದು ಭಾವಿಸುತ್ತದೆ. ಆಟಗಾರನಾದರೋ ಓಡುತ್ತಾನೆ, ಎಸೆಯುತ್ತಾನೆ, ಜಿಗಿಯುತ್ತಾನೆ. ಅವನ ಉದ್ವೇಗ ಅವನ ಮಾಂಸಖಂಡಗಳಲ್ಲಿ ವೆಚ್ಚವಾಗುತ್ತದೆ. ನೋಡುಗನಿಗೆ ಆ ಹಾದಿಯಿಲ್ಲ. ಗಾಡಿಯನ್ನು ನಿಲ್ಲಿಸಿಟ್ಟೇ ಎಂಜಿನ್ನನ್ನು ಭರಭರನೆ ಓಡಿಸಿದಂತೆ ಅವನ ಸ್ಥಿತಿ.

ಕೆನಡದ ಮಾಂಟ್ರಿಯಲ್ ನಗರದ ಸಂಶೋಧಕರು ಐಸ್ ಹಾಕಿ ನೋಡುವ ಇಪ್ಪತ್ತು ಮಂದಿ ಆರೋಗ್ಯವಂತರ ನಾಡಿಯನ್ನು ಅಳೆದು 2017ರಲ್ಲಿ ವರದಿ ಪ್ರಕಟಿಸಿದರು. ಟೀವಿಯಲ್ಲಿ ನೋಡಿದವರ ನಾಡಿಬಡಿತ ಸರಾಸರಿ ಶೇಕಡಾ 75ರಷ್ಟೂ, ಕ್ರೀಡಾಂಗಣದಲ್ಲೇ ಕುಳಿತು ನೋಡಿದವರದು ಶೇಕಡಾ 110ರಷ್ಟೂ ಏರಿತ್ತು. ಅಂದರೆ ಎರಡನೆಯ ಗುಂಪಿನವರ ಹೃದಯ ಇಮ್ಮಡಿಗಿಂತಲೂ ವೇಗವಾಗಿ ದುಡಿಯುತ್ತಿತ್ತು. ಗಟ್ಟಿ ಹೃದಯಕ್ಕೆ ಇದು ಭಾರವಲ್ಲ. ಆದರೆ ರಕ್ತನಾಳದ ಒಳಗೋಡೆಯಲ್ಲಿ ಕೊಬ್ಬಿನ ಗಂಟು ಬೆಳೆದಿರುವವರಲ್ಲಿ, ಏರಿದ ಒತ್ತಡಕ್ಕೆ ಆ ಗಂಟು ಬಿರಿಯಬಹುದು. ಬಿರಿದಲ್ಲಿ ರಕ್ತ ಹೆಪ್ಪುಗಟ್ಟಿ ನಾಳ ಮುಚ್ಚುತ್ತದೆ. ನಮ್ಮ ಹಿರಿಯರಿಗೆ ಆದದ್ದು ಅದೇ.

ಅಂಕಿಅಂಶಗಳು ಹೇಳುವುದೇನು?

ಇದು ಒಬ್ಬಿಬ್ಬರ ಅನುಭವವಲ್ಲ. 2006ರಲ್ಲಿ ಜರ್ಮನಿಯಲ್ಲಿ ಫುಟ್‌ಬಾಲ್ ವಿಶ್ವಕಪ್ ನಡೆದಾಗ ಮ್ಯೂನಿಕ್ ಪ್ರದೇಶದ ವೈದ್ಯರು ಹೃದಯದ ತುರ್ತು ಪ್ರಕರಣಗಳನ್ನು ಎಣಿಸಿದರು. ಜರ್ಮನಿಯ ತಂಡ ಆಡಿದ ದಿನಗಳಲ್ಲಿ ಅಂಥ ಪ್ರಕರಣಗಳು ಸಾಮಾನ್ಯ ದಿನಗಳಿಗಿಂತ 2.66 ಪಟ್ಟು ಇದ್ದವು; ಗಂಡಸರಲ್ಲಿ 3.26 ಪಟ್ಟು, ಹೆಂಗಸರಲ್ಲಿ 1.82 ಪಟ್ಟು. ಮೊದಲೇ ಹೃದ್ರೋಗವಿದ್ದವರಲ್ಲಿ ಅಪಾಯ ಸುಮಾರು ನಾಲ್ಕು ಪಟ್ಟಾಗಿತ್ತು. ಹೆಚ್ಚಿನ ಪ್ರಕರಣಗಳು ಸಂಭವಿಸಿದ್ದು ಪಂದ್ಯ ಆರಂಭವಾದ ಮೊದಲ ಎರಡು ಗಂಟೆಗಳೊಳಗೆ. ಗಮನಿಸಬೇಕಾದ ಅಂಶವೆಂದರೆ, ಆ ಏಳು ಪಂದ್ಯಗಳಲ್ಲಿ ಜರ್ಮನಿ ಸೋತದ್ದು ಒಂದರಲ್ಲಿ ಮಾತ್ರ. ಆದ್ದರಿಂದ ಹೃದಯವನ್ನು ಹಿಂಡುವುದು ಸೋಲೊಂದೇ ಅಲ್ಲ. ಫಲ ತಿಳಿಯುವ ಮುನ್ನಿನ ತವಕವೂ ಅದನ್ನು ಹಿಂಡುತ್ತದೆ.

1998ರ ಜೂನ್ 30ರಂದು ಇಂಗ್ಲೆಂಡ್ ಫುಟ್‌ಬಾಲ್ ತಂಡ ಅರ್ಜೆಂಟೀನದೆದುರು ಪೆನಾಲ್ಟಿ ಒದೆತಗಳಲ್ಲಿ ಸೋತಾಗ, ಆ ದಿನವೂ ಮುಂದಿನ ಎರಡು ದಿನಗಳೂ ಇಂಗ್ಲೆಂಡಿನ ಆಸ್ಪತ್ರೆಗಳಿಗೆ ಹೃದಯಾಘಾತದಿಂದ ಸೇರಿದವರ ಸಂಖ್ಯೆ ಶೇಕಡಾ 25ರಷ್ಟು ಹೆಚ್ಚಿತ್ತು. ಆದರೆ ಅದೇ ವಿಶ್ವಕಪ್ಪನ್ನು ಫ್ರಾನ್ಸ್ ಗೆದ್ದ ಜುಲೈ 12ರಂದು ಫ್ರಾನ್ಸಿನಲ್ಲಿ ಹೃದಯಾಘಾತದಿಂದ ಸತ್ತ ಗಂಡಸರ ಸಂಖ್ಯೆ ಆಸುಪಾಸಿನ ದಿನಗಳಿಗಿಂತ ಕಡಿಮೆಯಿತ್ತೆಂದು ಅಲ್ಲಿನ ವೈದ್ಯರು ಕಂಡುಕೊಂಡರು. ಹೀಗೆ ಒಂದೇ ಪಂದ್ಯಾವಳಿ ಒಂದು ದೇಶಕ್ಕೆ ವಿಷ, ಇನ್ನೊಂದಕ್ಕೆ ಔಷಧ. ನೋಡುಗನ ಇಬ್ಬಗೆಯ ಮನಸ್ಸಿಗೆ ವೈದ್ಯಶಾಸ್ತ್ರದ ಪುಟಗಳಲ್ಲೂ ಆಧಾರವಿದೆಯೆಂದಾಯಿತು.

ಕದ್ದ ನಿದ್ದೆ

ಉದ್ವೇಗದ ಜೊತೆಗೆ ನಿದ್ರಾಭಂಗವೂ ಸೇರುತ್ತದೆ. ಅಂತರರಾಷ್ಟ್ರೀಯ ಪಂದ್ಯಗಳು ನಮ್ಮ ಗಡಿಯಾರವನ್ನು ಕೇಳಿ ನಡೆಯುವುದಿಲ್ಲ. ಬಾರ್ಬಡೋಸ್ ನಮಗಿಂತ ಒಂಬತ್ತೂವರೆ ಗಂಟೆ ಹಿಂದೆ. ಅಲ್ಲಿಯ ಬೆಳಗು ನಮ್ಮ ರಾತ್ರಿ. ಒಲಿಂಪಿಕ್ ಕ್ರೀಡೆಗಳಿಗೆ ಕ್ರಿಕೆಟ್ಟನ್ನು ಮತ್ತೆ ಸೇರಿಸುವ ನಿರ್ಧಾರವನ್ನು 2023ರ ಅಕ್ಟೋಬರಿನಲ್ಲಿ ನಮ್ಮ ಮುಂಬಯಿಯಲ್ಲೇ ಕೈಗೊಂಡರು; ಆದರೆ ಅದಕ್ಕಾಗಿ ಗೊತ್ತುಪಡಿಸಿದ 2028ರ ಕ್ರೀಡೆಗಳ ತಾಣವಾದ ಲಾಸ್ ಏಂಜಲೀಸ್‌ಗೂ ನಮಗೂ ಬೇಸಗೆಯಲ್ಲಿ ಹನ್ನೆರಡೂವರೆ ಗಂಟೆಗಳ ಅಂತರ.

ಮಹಾನಗರದಲ್ಲಿರುವ ನಮ್ಮವರಿಗೆ ನಿದ್ದೆ ಮೊದಲೇ ಕಡಿಮೆ. ಒಂದು ಗಂಟೆಗೆ ಮಲಗಿ, ಐದೂವರೆಗೆ ಎದ್ದು, ಡಬ್ಬಿ ಕಟ್ಟಿಕೊಂಡು, ಏಳೂ ನಲವತ್ತರ ಲೋಕಲ್ ಹಿಡಿಯುವ ಗೃಹಸ್ಥನ ಮೈಗೆ ವಿಶ್ರಾಂತಿ ಎಲ್ಲಿಂದ ಬರಬೇಕು? ವಯಸ್ಕರಿಗೆ ದಿನಕ್ಕೆ ಏಳು ಗಂಟೆಯ ನಿದ್ದೆಯಾದರೂ ಬೇಕು. ನಿದ್ದೆ ಕೆಟ್ಟರೆ ರಕ್ತದೊತ್ತಡ ಏರುತ್ತದೆ, ಸಕ್ಕರೆ ಕಾಯಿಲೆಯ ಹಿಡಿತ ತಪ್ಪುತ್ತದೆ, ಹಸಿವು ಹೆಚ್ಚುತ್ತದೆ, ಸಿಟ್ಟು ಮೂಗಿನ ತುದಿಗೆ ಬರುತ್ತದೆ. ಒಂದು ದಿನ ಪಂದ್ಯದ ಇಡೀ ನೂರು ಓವರುಗಳನ್ನು ನೋಡುವವನು ಸುಮಾರು ಎಂಟು ಗಂಟೆ ಕುಳಿತೇ ಇರುತ್ತಾನೆ. ಜಗತ್ತಿನ ಅತ್ಯಂತ ಚುರುಕಾದ ಮೈಗಳನ್ನು ನೋಡುತ್ತ ನೋಡುತ್ತ ನಮ್ಮ ಮೈಯನ್ನು ಜಡಗೊಳಿಸಿಕೊಳ್ಳುವುದು ವಿಚಿತ್ರವಾದರೂ ಸತ್ಯ.

ನಾವು ಗೆದ್ದೆವು, ಅವರು ಸೋತರು

ಇಷ್ಟೆಲ್ಲ ಕೇಡಿದ್ದರೂ ನಾವೇಕೆ ನೋಡುತ್ತೇವೆ? ಅಮೆರಿಕದ ಮನೋವಿಜ್ಞಾನಿ ರಾಬರ್ಟ್ ಚಾಲ್ಡೀನಿ ಮತ್ತು ಅವರ ಸಂಗಡಿಗರು 1976ರಲ್ಲಿ ಸ್ವಾರಸ್ಯಕರವಾದ ಅಧ್ಯಯನವೊಂದನ್ನು ಪ್ರಕಟಿಸಿದರು. ವಿಶ್ವವಿದ್ಯಾಲಯದ ಫುಟ್‌ಬಾಲ್ ತಂಡ ಗೆದ್ದ ಮೇಲಿನ ಸೋಮವಾರದಂದು ಅದರ ಹೆಸರು, ಲಾಂಛನಗಳಿರುವ ಉಡುಪು ತೊಟ್ಟು ಬರುವ ವಿದ್ಯಾರ್ಥಿಗಳು ಹೆಚ್ಚು. ಗೆದ್ದಾಗ ಅವರು “ನಾವು” ಎನ್ನುತ್ತಾರೆ. ಸೋತಾಗ “ಅವರು” ಎನ್ನುತ್ತಾರೆ. ನಮ್ಮ ಸಭಾಂಗಣದಲ್ಲೂ ಇದೇ ವ್ಯಾಕರಣ. ಮೂರು ವಿಕೆಟ್ ಬಿದ್ದಾಗ “ಹಿಡಿದೆವು” ಎಂದವರೇ ಒಂಬತ್ತು ಗಂಟೆಯ ಹೊತ್ತಿಗೆ “ಇವರಿಗೆ ಆಡಲು ಬರುವುದಿಲ್ಲ” ಎಂದರಂತೆ.

ಊರು ಬಿಟ್ಟು ಬಂದ ನಮಗೆ ಈ “ನಾವು” ಎಂಬ ಮಾತಿನ ಹಸಿವು ಸ್ವಲ್ಪ ಹೆಚ್ಚು. 1983ರ ವಿಶ್ವಕಪ್ಪಿನಲ್ಲಿ ಎಲ್ಲರಿಗಿಂತ ಹೆಚ್ಚು, ಅಂದರೆ 18 ವಿಕೆಟ್ ಕಿತ್ತವರು ಬೆಂಗಳೂರಿನ ರೋಜರ್ ಬಿನ್ನಿ. ವಿಕೆಟ್ಟಿನ ಹಿಂದೆ ನಿಂತಿದ್ದವರು ಕರ್ನಾಟಕದ ಕಿರ್ಮಾನಿ. ಇದನ್ನು ನಾನು ಇಲ್ಲಿಯ ಸಹೋದ್ಯೋಗಿಗಳಿಗೆ ಎಷ್ಟು ಸಲ ನೆನಪಿಸಿದ್ದೇನೋ ಲೆಕ್ಕವಿಲ್ಲ. ಅದಕ್ಕೂ ಮೊದಲು, 1974ರಲ್ಲಿ, ಸತತ ಹದಿನೈದು ವರ್ಷ ರಣಜಿ ಟ್ರೋಫಿ ಗೆದ್ದಿದ್ದ ಬೊಂಬಾಯಿಯನ್ನು ಕರ್ನಾಟಕ ಸೆಮಿಫೈನಲಿನಲ್ಲಿ ಹಿಂದಿಕ್ಕಿತು. ಆಗ ನಾನು ಇಲ್ಲಿನ ಆಸ್ಪತ್ರೆಯೊಂದರಲ್ಲಿ ಕಿರಿಯ ವೈದ್ಯ. ಅನ್ನ ಕೊಟ್ಟ ಊರು ಸೋತಿತ್ತು. ಹೆತ್ತ ನಾಡು ಗೆದ್ದಿತ್ತು. ಸಹೋದ್ಯೋಗಿಗಳ ಮುಂದೆ ಮುಖ ಸಪ್ಪಗೆ ಮಾಡಿಕೊಂಡು, ಕೋಣೆಗೆ ಬಂದು ಬಾಗಿಲು ಹಾಕಿಕೊಂಡು ಕುಣಿದಿದ್ದೆ. ಆ ಸಂತೋಷ ಸುಳ್ಳಲ್ಲ. ನಾಲ್ಕು ಜನ ಕೂಡಿ ನಗುವುದು, ನಾಲ್ಕು ಜನ ಕೂಡಿ ಮರುಗುವುದು ಒಂಟಿತನಕ್ಕೆ ಮದ್ದು. ಆದ್ದರಿಂದ ಪಂದ್ಯ ನೋಡಬೇಡಿರೆಂದು ಹೇಳುವ ವೈದ್ಯ ನಾನಲ್ಲ.

ಆದರೆ ಅದೇ ಮಮತೆ ಕೆಡುವುದಕ್ಕೆ ತಡವಿಲ್ಲ. 1996ರ ಮಾರ್ಚ್ 13ರಂದು ಕಲ್ಕತ್ತೆಯ ಈಡನ್ ಗಾರ್ಡನ್ಸ್‌ನಲ್ಲಿ ಭಾರತ 120 ಓಟಗಳಿಗೆ ಎಂಟು ವಿಕೆಟ್ ಕಳೆದುಕೊಂಡಾಗ ಪ್ರೇಕ್ಷಕರು ಶೀಶೆಗಳನ್ನು ಎಸೆದರು, ಬೆಂಕಿ ಹಚ್ಚಿದರು. ಪಂದ್ಯವನ್ನು ಶ್ರೀಲಂಕೆಗೆ ಕೊಡಬೇಕಾಯಿತು. 1994ರ ಫುಟ್‌ಬಾಲ್ ವಿಶ್ವಕಪ್ಪಿನಲ್ಲಿ ಅರಿಯದೆ ಚೆಂಡನ್ನು ತನ್ನದೇ ಗೋಲಿಗೆ ತಳ್ಳಿದ ಕೊಲಂಬಿಯದ ಆಂಡ್ರೆಸ್ ಎಸ್ಕೊಬಾರ್ ಹತ್ತು ದಿನಗಳ ಅನಂತರ ತನ್ನ ದೇಶದಲ್ಲೇ ಗುಂಡಿಗೆ ಬಲಿಯಾದ. 2007ರಲ್ಲಿ ನಮ್ಮ ರಾಹುಲ್ ದ್ರಾವಿಡ್ ನಾಯಕತ್ವದ ತಂಡ ವೆಸ್ಟ್ ಇಂಡೀಸಿನಲ್ಲಿ ಮೊದಲ ಸುತ್ತಿನಲ್ಲೇ ಹೊರಬಿದ್ದಾಗ ನಮ್ಮ ದೇಶದಲ್ಲಿ ಆಟಗಾರರ ಪ್ರತಿಕೃತಿಗಳನ್ನು ಸುಟ್ಟರು. ಹದಿನೇಳು ವರ್ಷಗಳ ಅನಂತರ, ಅದೇ ವೆಸ್ಟ್ ಇಂಡೀಸಿನಲ್ಲಿ, ಅದೇ ದ್ರಾವಿಡ್ ತರಬೇತುದಾರರಾಗಿದ್ದ ತಂಡ ವಿಶ್ವಕಪ್ ಗೆದ್ದಾಗ ನಾವೇ ಅವರನ್ನು ತಲೆಯ ಮೇಲೆ ಹೊತ್ತೆವು. ನೋಡುಗನ ತೀರ್ಪು ಎಷ್ಟು ಅಸ್ಥಿರವೆಂಬುದಕ್ಕೆ ಬೇರೆ ಸಾಕ್ಷಿ ಬೇಡ. ಮೈಯಲ್ಲಿ ಏರಿದ ಉದ್ವೇಗಕ್ಕೆ ಹೊರಗೆ ಒಬ್ಬ ಅಪರಾಧಿ ಬೇಕೆನಿಸುತ್ತದೆ, ಅಷ್ಟೆ.

ನೋಡುವವರಿಗೆ ಕೆಲವು ಹಿತವಚನಗಳು

1. ರಕ್ತದೊತ್ತಡ, ಸಕ್ಕರೆ ಕಾಯಿಲೆ, ಹೃದ್ರೋಗಗಳಿರುವವರು ಪಂದ್ಯದ ದಿನ ಔಷಧವನ್ನು ತಪ್ಪಿಸಬಾರದು, ಊಟದ ವೇಳೆಯನ್ನು ಮುಂದೂಡಬಾರದು. “ಈ ಓವರು ಮುಗಿಯಲಿ” ಎಂದು ಮರೆತ ಮಾತ್ರೆಗಳು ಬಹಳ.

2. ಕರಿದ ತಿಂಡಿ, ಉಪ್ಪು ಹೆಚ್ಚಾದ ಪದಾರ್ಥ, ಮೇಲಿಂದ ಮೇಲೆ ಚಹಾ, ಧೂಮಪಾನ, ಮದ್ಯ, ಇವು ಏರಿದ ನಾಡಿಯನ್ನು ಮತ್ತಷ್ಟು ಏರಿಸುತ್ತವೆ. ಕಡಲೆ, ಹಣ್ಣು, ಮಜ್ಜಿಗೆಗಳಿಂದಲೂ ಪಂದ್ಯ ನೋಡಬಹುದು.

3. ಅರ್ಧ ಗಂಟೆಗೊಮ್ಮೆ ಎದ್ದು ನಾಲ್ಕು ಹೆಜ್ಜೆ ನಡೆಯಿರಿ. ಜಾಹೀರಾತುಗಳಿಗೆ ಇದೊಂದೇ ಸದುಪಯೋಗ. ವಾರಕ್ಕೆ ಒಟ್ಟು 150 ನಿಮಿಷ ಚುರುಕಾಗಿ ನಡೆಯುವ ಅಭ್ಯಾಸವಿರುವವರ ಹೃದಯ ಉದ್ವೇಗವನ್ನು ಮೇಲಾಗಿ ತಾಳಿಕೊಳ್ಳುತ್ತದೆ.

4. ತಡರಾತ್ರಿಯ ಪಂದ್ಯಗಳಲ್ಲಿ ಎಲ್ಲವನ್ನೂ ನೋಡಲೇಬೇಕೆಂಬ ಹಟ ಬೇಡ. ಮುಖ್ಯವಾದ ಒಂದೆರಡನ್ನು ಆರಿಸಿಕೊಂಡು, ಉಳಿದವುಗಳ ಫಲಿತಾಂಶವನ್ನು ಬೆಳಗ್ಗೆ ತಿಳಿಯಿರಿ.

5. ಎದೆಯ ನಡುವೆ ಬಿಗಿತ, ಭಾರ. ಎಡತೋಳಿಗೆ, ದವಡೆಗೆ, ಬೆನ್ನಿಗೆ ಹರಿಯುವ ನೋವು. ಕಾರಣವಿಲ್ಲದ ಬೆವರು, ಏದುಸಿರು, ವಾಕರಿಕೆ, ಇವು ಅಪಾಯದ ಚಿಹ್ನೆಗಳು. ಸಕ್ಕರೆ ಕಾಯಿಲೆಯವರಲ್ಲಿ, ಹೆಂಗಸರಲ್ಲಿ, ವೃದ್ಧರಲ್ಲಿ ನೋವೇ ಇಲ್ಲದೆ ಬರಿಯ ಸುಸ್ತು, ಬೆವರು ಕಾಣಿಸಬಹುದು. ಅದನ್ನು ಗ್ಯಾಸ್ ಎಂದು ಬಗೆದು ಕಾಯಬೇಡಿ. ಕೂಡಲೇ 108 ಅಥವಾ 112ಕ್ಕೆ ಕರೆ ಮಾಡಿ, ಹೃದಯ ಚಿಕಿತ್ಸೆಯ ಸೌಲಭ್ಯವಿರುವ ಆಸ್ಪತ್ರೆಗೆ ಒಯ್ಯಿರಿ. ಕಟ್ಟಿಕೊಂಡ ನಾಳವನ್ನು ಎಷ್ಟು ಬೇಗ ತೆರೆದರೆ ಹೃದಯದ ಅಷ್ಟು ಭಾಗ ಉಳಿಯುತ್ತದೆ.

6. ಯಾರಾದರೂ ಕುಸಿದು ಬಿದ್ದು ಉಸಿರಾಟ ನಿಂತಿದ್ದರೆ, ಎದೆಯ ನಡುಭಾಗವನ್ನು ಎರಡೂ ಕೈಗಳಿಂದ ನಿಮಿಷಕ್ಕೆ 100ರಿಂದ 120 ಸಲ ಬಲವಾಗಿ ಒತ್ತುತ್ತಿರಬೇಕು. ನೆರವು ಬರುವವರೆಗೆ ನಿಲ್ಲಿಸಬಾರದು. ಈ ತರಬೇತಿಯನ್ನು ಪ್ರತಿಯೊಂದು ಸಂಘವೂ ತನ್ನ ಸದಸ್ಯರಿಗೆ ಏರ್ಪಡಿಸುವುದು ಉಚಿತ.

7. ಕೊನೆಯದಾಗಿ, ನಾಲ್ಕು ಜನ ಕೂಡಿ ನೋಡುವಾಗ ಆಗಾಗ ತೆರೆಯಿಂದ ಕಣ್ಣು ಕಿತ್ತು ಪಕ್ಕದವರ ಮುಖ ನೋಡಿ. ಈ ಒಂದು ಸೂಚನೆಯನ್ನು ನಾನು ಮೊದಲು ನನಗೇ ಕೊಟ್ಟುಕೊಂಡದ್ದು.

ಮತ್ತೊಂದು ರಾತ್ರಿ

2024ರ ಜೂನ್ 29. ಇಪ್ಪತ್ತು ಓವರುಗಳ ವಿಶ್ವಕಪ್ಪಿನ ಅಂತಿಮ ಪಂದ್ಯ. ಬಾರ್ಬಡೋಸಿನಲ್ಲಿ ಭಾರತಕ್ಕೆ ದಕ್ಷಿಣ ಆಫ್ರಿಕ ಎದುರಾಳಿ. ಮತ್ತೆ ಅದೇ ಸಭಾಂಗಣ, ಅದೇ ತೆರೆ. ನಮ್ಮ ಹಿರಿಯರೂ ಬಂದಿದ್ದರು. ಮನೆಯವರು ಬೇಡವೆಂದರೂ, “ಡಾಕ್ಟ್ರು ಬಾಜೂಕ ಇರ್ತಾರ” ಎಂದು ಹೇಳಿ ಬಂದಿದ್ದರು. ಆಗಲೇ ಮಾತ್ರೆ ನುಂಗಿ, ಊಟ ಮುಗಿಸಿದ್ದರು.

ದಕ್ಷಿಣ ಆಫ್ರಿಕಕ್ಕೆ ಗೆಲ್ಲಲು 30 ಚೆಂಡುಗಳಲ್ಲಿ 30 ಓಟ ಸಾಕೆಂಬ ಘಟ್ಟ ಬಂದಿತು. ಸಭಾಂಗಣ ಸ್ತಬ್ಧ. ನಾನು ಅವರ ಮುಖ ನೋಡಿದೆ. ಅವರು ನನ್ನ ಮುಖ ನೋಡಿದರು. “ನಡೀರಿ ಡಾಕ್ಟ್ರ, ಹೊರಗ ಗಾಳಿ ಐತಿ” ಎಂದು ಅವರೇ ಎದ್ದರು. ಹೊರಗಿನ ಜಗಲಿಯಲ್ಲಿ ಇಬ್ಬರೂ ಅತ್ತಿಂದಿತ್ತ ನಡೆದೆವು. ಜೂನಿನ ಮಳೆ ಸಣ್ಣಗೆ ಹನಿಯುತ್ತಿತ್ತು. ಅವರು ಗದಗಿನ ಶಾಲೆಯ ಬಯಲಿನಲ್ಲಿ ತೆಂಗಿನ ಹೆಡೆಯನ್ನೇ ಬ್ಯಾಟು ಮಾಡಿಕೊಂಡು ಆಡಿದ್ದನ್ನು ಹೇಳುತ್ತಿದ್ದರು, ನಾನು ಕೇಳುತ್ತಿದ್ದೆ.

ಕೊನೆಯ ಓವರಿನ ಮೊದಲ ಚೆಂಡಿಗೆ ಒಳಗಿನಿಂದ ದೊಡ್ಡದೊಂದು ಕೂಗು ಕೇಳಿಸಿತು. ಅದು ಹರ್ಷದ್ದೋ ಸಂಕಟದ್ದೋ ಜಗಲಿಯಲ್ಲಿದ್ದ ನಮಗೆ ತಿಳಿಯಲಿಲ್ಲ. ಮಿಲ್ಲರ್ ಹೊಡೆದ ಚೆಂಡನ್ನು ಸೂರ್ಯಕುಮಾರ್ ಯಾದವ್ ಗಡಿರೇಖೆಯ ಅಂಚಿನಲ್ಲಿ ಹಿಡಿದು, ಮೇಲಕ್ಕೆಸೆದು, ಮತ್ತೆ ಒಳಬಂದು ಹಿಡಿದದ್ದನ್ನು ನಾವು ಅನಂತರವೇ ನೋಡಿದೆವು. ಭಾರತ ಏಳು ಓಟಗಳಿಂದ ಗೆದ್ದಿತು. ತರುಣರು ಹೊರಗೋಡಿ ಬಂದು ಹಿರಿಯರನ್ನು ಅಪ್ಪಿಕೊಂಡರು.

ಅಂಥ ಹಿಡಿತವನ್ನು ಆಗಿನ ಆಗಲೇ ನೋಡುವ ಭಾಗ್ಯ ತಪ್ಪಿತಲ್ಲಾ ಎಂದು ನನ್ನೊಳಗಿನ ಕ್ರಿಕೆಟ್ ಪ್ರೇಮಿ ಇಂದಿಗೂ ಗೊಣಗುತ್ತಾನೆ. ವೈದ್ಯ ಮಾತ್ರ ಅಂದು ಜಗಲಿಯ ದೀಪದ ಕೆಳಗೆ ಹಿರಿಯರ ಮಣಿಕಟ್ಟು ಹಿಡಿದು ಗಡಿಯಾರ ನೋಡಿದ್ದ. ನಿಮಿಷಕ್ಕೆ ಎಂಬತ್ತನಾಲ್ಕು. ಕ್ರಮಬದ್ಧವಾಗಿತ್ತು.